ಪಾರಂಪರಿಕ ತಾಣಗಳ ಪಟ್ಟಿ: ಹೊಲಕ್ಕಿಳಿಯುವ ಮೊದಲು ಮಾಡಬೇಕಾದ ಕೆಲಸ

ಹಳೆಯ ಕಟ್ಟಡ, ಕೋಟೆ, ಗೋರಿ, ಮಣ್ಣಿನ ದಿಬ್ಬಗಳ ಪಟ್ಟಿ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಆಪ್ ಬಳಸಬೇಕು, ಯಾವ ಕ್ಯಾಮೆರಾ ಕೊಳ್ಳಬೇಕು ಅಂತ. ಅದು ಕೊನೆಗೆ ಬರಲಿ. ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಈ ಪಟ್ಟಿಯನ್ನು ತೆರೆಯುವವರು ಯಾರು? ತೆರೆದು ಏನನ್ನು ತೀರ್ಮಾನಿಸುತ್ತಾರೆ?

ನಾನು ಕೆಲವು ವರ್ಷ ಹೊಲ, ಗುಡ್ಡ ಸುತ್ತಿ ಇಂಥ ಪಟ್ಟಿ ತುಂಬಿದವನು. ಈಗ ಕಚೇರಿಯಲ್ಲಿ ಕೂತು ಅವನ್ನು ಓದುತ್ತೇನೆ. ರಸ್ತೆ ಅಗಲ ಮಾಡುವ, ಪೈಪ್ ಹೂಳುವ, ಕಲ್ಲು ಗಣಿ ತೆರೆಯುವ ಅರ್ಜಿ ಬಂದಾಗ ನನಗೆ ಬೇಕಾದ ಉತ್ತರ ಎರಡೇ. ಈ ಜಾಗದಲ್ಲಿ ಏನಾದರೂ ಇದೆಯಾ? ಇದ್ದರೆ ಎಲ್ಲಿಂದ ಎಲ್ಲಿವರೆಗೆ? 'ಅತ್ಯಂತ ಪ್ರಾಚೀನ, ಮನಮೋಹಕ ದಿಬ್ಬ' ಅಂತ ಬರೆದು ನಕ್ಷೆಯ ಮೇಲೆ ಒಂದು ಚುಕ್ಕಿ ಇಟ್ಟಿದ್ದರೆ ನಾನು ಏನು ಮಾಡಲಿ? ಬುಲ್ಡೋಜರ್ ಓಡಿಸುವವರಿಗೆ ಚುಕ್ಕಿ ತೋರಿಸಿ ಪ್ರಯೋಜನವಿಲ್ಲ. ಅವರಿಗೆ ಗೆರೆ ಬೇಕು.

ಪಟ್ಟಿಯ ಉದ್ದೇಶ ಬೇರೆಯಾದರೆ ತುಂಬುವ ನಮೂನೆಯೂ ಬೇರೆಯಾಗುತ್ತದೆ. ಕಾನೂನಿನ ರಕ್ಷಣೆಗಾದರೆ ಮಾಲೀಕತ್ವ, ಸರ್ವೆ ನಂಬರು, ಗಡಿ ಬೇಕೇ ಬೇಕು. ದುರಸ್ತಿಗೆ ಹಣ ಹಂಚಲಿಕ್ಕಾದರೆ ಕಟ್ಟಡದ ಸ್ಥಿತಿ ಮುಖ್ಯ. ಯುದ್ಧ, ಬೆಂಕಿ, ಭೂಕಂಪಕ್ಕೆ ತಯಾರಿಯಾದರೆ ಒಳಗಿರುವ ವಸ್ತುಗಳು, ಹೊರಹೋಗುವ ದಾರಿಗಳು ಕೂಡ ಬೇಕು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಗಾಗಿ 1954ರಲ್ಲಿ ಹೇಗ್ ಒಪ್ಪಂದವಾಯಿತು. 1999ರ ಅದರ ಎರಡನೇ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ, ಶಾಂತಿಕಾಲದಲ್ಲೇ ಮಾಡಬೇಕಾದ ತಯಾರಿಗಳನ್ನು ಹೇಳುವಾಗ ಮೊದಲು ಹೆಸರಿಸಿರುವುದು ತಾಣಗಳ ಪಟ್ಟಿಯನ್ನೇ. ಎಲ್ಲ ಉದ್ದೇಶಕ್ಕೂ ಒಂದೇ ಪಟ್ಟಿ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಉದ್ದೇಶವನ್ನು ಮುಂದಿಡಿ, ಉಳಿದವಕ್ಕೆ ಜಾಗ ಬಿಟ್ಟಿರಿ.

ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು

ಇದನ್ನು ಮೊದಲೇ ಬರೆದಿಡದಿದ್ದರೆ ತಂಡದ ಒಬ್ಬೊಬ್ಬರೂ ತಮಗೆ ತೋಚಿದಂತೆ ಸೇರಿಸುತ್ತಾರೆ. ಎಷ್ಟು ಹಳೆಯದಾದರೆ ಹಳೆಯದು? ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸಾಮಾನ್ಯವಾಗಿ 50 ವರ್ಷ ಕಳೆದಿರಬೇಕು. ವಿಶೇಷ ಮಹತ್ವ ಇದ್ದರೆ ಅದಕ್ಕೂ ವಿನಾಯಿತಿ ಇದೆ. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಒಂದು ಅಂಕಿ ಇರಲಿ. ಹೊಲದಲ್ಲಿ ಹರಡಿದ ಮಡಕೆ ಚೂರುಗಳನ್ನು ತಾಣ ಅನ್ನಬೇಕಾ? ಎಷ್ಟು ಚೂರು ಸಿಕ್ಕರೆ? ಒಂಟಿ ಕಲ್ಲುಕೊಡಲಿ ಸಿಕ್ಕರೆ ಏನು ಮಾಡಬೇಕು? ಪೂರ್ತಿ ಕಣ್ಮರೆಯಾಗಿ ದಾಖಲೆಗಳಲ್ಲಿ ಮಾತ್ರ ಉಳಿದ ಕಟ್ಟಡಕ್ಕೆ ಜಾಗ ಇದೆಯಾ? ನನ್ನ ಮಟ್ಟಿಗೆ ಇದೆ. ಕಟ್ಟಡ ಹೋಗಿದ್ದರೂ ತಳಪಾಯ ನೆಲದೊಳಗೆ ಉಳಿದಿರುತ್ತದೆ ಅಲ್ವಾ?

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ದಾಖಲಿಸುವುದು ಬೇರೆ, ಮಹತ್ವ ನಿರ್ಧರಿಸುವುದು ಬೇರೆ. ಇವೆರಡನ್ನು ಒಬ್ಬರೇ, ಒಂದೇ ದಿನ, ಒಂದೇ ಹಾಳೆಯಲ್ಲಿ ಮಾಡಬಾರದು. ಪಾರಂಪರಿಕ ತಾಣಗಳನ್ನು ಕಾಪಾಡುವ ಮಾರ್ಗಸೂಚಿಯಾಗಿ ಆಸ್ಟ್ರೇಲಿಯಾದಲ್ಲಿ 1979ರಲ್ಲಿ ರೂಪುಗೊಂಡ ಬರ್ರಾ ಸನ್ನದು ಇವತ್ತು ಮಹತ್ವವನ್ನು ಸೌಂದರ್ಯ, ಇತಿಹಾಸ, ವಿಜ್ಞಾನ, ಸಮಾಜ, ಅಧ್ಯಾತ್ಮ ಎಂಬ ಐದು ಬಗೆಯಲ್ಲಿ ನೋಡುತ್ತದೆ. ಬಿಸಿಲಲ್ಲಿ ನಿಂತು ನಮೂನೆ ತುಂಬುವ ವಿದ್ಯಾರ್ಥಿ ಇದನ್ನೆಲ್ಲ ತೂಗಲು ಸಾಧ್ಯವೇ? 'ಎ ದರ್ಜೆ', 'ಸಿ ದರ್ಜೆ' ಅಂತ ಅಲ್ಲೇ ಬರೆಸಿದರೆ ದೊಡ್ಡ ಕೋಟೆಗಳೆಲ್ಲ ಎ, ಹೊಲದ ಮಡಕೆ ಚೂರುಗಳೆಲ್ಲ ಸಿ ಆಗುತ್ತವೆ. ಸಿ ಅಂತ ಬಿದ್ದ ಮೇಲೆ ಆ ಜಾಗಕ್ಕೆ ಯಾರೂ ಮತ್ತೆ ಹೋಗುವುದಿಲ್ಲ.

ದರ್ಜೆಗಿಂತ ಮೊದಲು ಬೇಕಾದದ್ದು ಹಿನ್ನೆಲೆ. ಈ ಪ್ರದೇಶದಲ್ಲಿ ಜನ ಯಾವಾಗ ನೆಲೆಸಿದರು, ಏನು ಬೆಳೆದರು, ಯಾವ ವ್ಯಾಪಾರ ನಡೆಯಿತು ಎಂದು ಹತ್ತಿಪ್ಪತ್ತು ಪುಟ ಬರೆಯಿಸಿ. ಲಾಸ್ ಏಂಜಲೀಸ್ ನಗರ ಸುಮಾರು 8,80,000 ನಿವೇಶನಗಳಿದ್ದ ತನ್ನ ಸಮೀಕ್ಷೆಯಲ್ಲಿ ಹೀಗೇ ಮಾಡಿತು. ಮೊದಲು ವಿಷಯವಾರು ಹಿನ್ನೆಲೆ ಬರೆದುಕೊಂಡು, ಅದರ ಕೈಹಿಡಿದು ಬೀದಿಗಿಳಿಯಿತು. ಯಾವುದಕ್ಕಾಗಿ ಕಣ್ಣು ತೆರೆದಿರಬೇಕು ಅಂತ ತಂಡಕ್ಕೆ ಮೊದಲೇ ಗೊತ್ತಿತ್ತು.

ಕೂತಲ್ಲೇ ಸಿಗುವ ತಾಣಗಳು

ಕಾಲಿಗೆ ಕೆಲಸ ಕೊಡುವ ಮೊದಲು ಕಾಗದ ಹುಡುಕಿ. ಹಳೆಯ ಭೂಮಾಪನ ನಕ್ಷೆ, ಉತ್ಖನನ ವರದಿ, ದಾನಪತ್ರ, ಮ್ಯೂಸಿಯಂನ ದಾಖಲಾತಿ ಪುಸ್ತಕ. ಕೊನೆಯದನ್ನು ಜನ ಮರೆಯುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿರುವ ನಾಣ್ಯ ಯಾವ ಹೊಲದಲ್ಲಿ ಸಿಕ್ಕಿತು ಅಂತ ಆ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಹಳೆಯ ಉಪಗ್ರಹ ಚಿತ್ರಗಳನ್ನೂ ಬಿಡಬೇಡಿ. ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಎಲ್ಲರಿಗೂ ಸಿಗುವಂತಾದವು. ಅಣೆಕಟ್ಟು, ಟ್ರ್ಯಾಕ್ಟರು, ಬಡಾವಣೆ ಬರುವ ಮೊದಲಿನ ನೆಲ ಅದರಲ್ಲಿ ಕಾಣುತ್ತದೆ. ಪಶ್ಚಿಮ ಏಷ್ಯಾದಲ್ಲಿ ಈಗ ನೆಲಸಮವಾಗಿರುವ ಎಷ್ಟೋ ದಿಬ್ಬಗಳನ್ನು ಸಂಶೋಧಕರು ಈ ಚಿತ್ರಗಳಲ್ಲೇ ಗುರುತಿಸಿದ್ದಾರೆ.

ಉಳುವವರನ್ನು ಕೇಳಿ. ನೇಗಿಲಿಗೆ ಇಟ್ಟಿಗೆ ಸಿಗುವ ಜಾಗ ಯಾವುದು ಅಂತ ಅವರಿಗೆ ಗೊತ್ತಿರುವಷ್ಟು ಯಾವ ಉಪಗ್ರಹಕ್ಕೂ ಗೊತ್ತಿಲ್ಲ.

ಏನೂ ಸಿಗದ ಜಾಗವನ್ನೂ ಬರೆಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನೇ ಓದಿ. ನನ್ನ ಮೇಜಿಗೆ ಬರುವ ಪಟ್ಟಿಗಳಲ್ಲಿ ಅತಿ ದೊಡ್ಡ ಕೊರತೆ ಇದೇ. ನಕ್ಷೆಯಲ್ಲಿ ಒಂದು ಕಡೆ ಹತ್ತಾರು ಚುಕ್ಕಿಗಳು, ಪಕ್ಕದಲ್ಲಿ ಪೂರ್ತಿ ಖಾಲಿ. ಆ ಖಾಲಿ ಜಾಗದಲ್ಲಿ ಯಾರಾದರೂ ನಡೆದು, ಹುಡುಕಿ, ಏನೂ ಇಲ್ಲ ಅಂತ ಕಂಡುಕೊಂಡರೇ? ಅಥವಾ ಯಾರೂ ಹೋಗಿಯೇ ಇಲ್ಲವೇ? ಪಟ್ಟಿ ಬಾಯಿ ಬಿಡುವುದಿಲ್ಲ. ಅರ್ಜಿದಾರರು ಮಾತ್ರ 'ಅಲ್ಲಿ ಏನೂ ಇಲ್ಲ, ನಿಮ್ಮ ಪಟ್ಟಿಯೇ ಹೇಳುತ್ತಿದೆ' ಅನ್ನುತ್ತಾರೆ.

ಆದ್ದರಿಂದ ನಕ್ಷೆಯಲ್ಲಿ ತಾಣಗಳ ಪದರದ ಜೊತೆಗೆ ಹುಡುಕಿದ ಪ್ರದೇಶದ ಪದರ ಒಂದು ಬೇಕು. ಯಾವ ತುಂಡು ನೆಲದಲ್ಲಿ, ಯಾವ ದಿನ, ಎಷ್ಟು ಜನ, ಎಷ್ಟು ಅಂತರದಲ್ಲಿ ಸಾಲಾಗಿ ನಡೆದರು ಅನ್ನುವುದು ಅದರಲ್ಲಿರಲಿ. ಅಂತರ ಸಣ್ಣ ವಿಷಯವಲ್ಲ. ಇಬ್ಬರ ನಡುವೆ 30 ಮೀಟರ್ ಬಿಟ್ಟು ನಡೆದರೆ 10 ಮೀಟರ್ ಅಗಲದ ಕಲ್ಲಿನ ಆಯುಧಗಳ ಹರಹು ಇಬ್ಬರ ಕಣ್ಣಿಗೂ ತಪ್ಪಬಹುದು. ದೊಡ್ಡ ಊರಿನ ಅವಶೇಷ ಹುಡುಕುವವರಿಗೆ ಆ ಅಂತರ ಸಾಕು, ಸಣ್ಣ ಬಿಡಾರ ಹುಡುಕುವವರಿಗೆ ಸಾಲದು. ನೆಲ ಎಷ್ಟು ಕಾಣುತ್ತಿತ್ತು ಅನ್ನುವುದನ್ನೂ ಬರೆಯಿರಿ. ಆಗತಾನೇ ಉತ್ತ ಹೊಲದಲ್ಲಿ ಚೂರು ಸಿಗದಿದ್ದರೆ ಒಂದು ಅರ್ಥ. ಎದೆಯೆತ್ತರದ ಹುಲ್ಲಲ್ಲಿ ಸಿಗದಿದ್ದರೆ ಅರ್ಥವೇ ಇಲ್ಲ. ನದಿಯ ಹೂಳು ತುಂಬಿದ ಬಯಲಲ್ಲಂತೂ ತಾಣ ಕೆಲವು ಮೀಟರ್ ಕೆಳಗೆ ಮಲಗಿರಬಹುದು. ಅಲ್ಲಿ ಮೇಲೆ ಎಷ್ಟು ನಡೆದರೂ ಅಷ್ಟೇ.

ಇಡೀ ಪ್ರದೇಶ ನಡೆಯಲು ಹಣ ಇಲ್ಲವಾ? ಮಾದರಿ ತುಂಡುಗಳನ್ನು ಆರಿಸಿ. ಆದರೆ ರಸ್ತೆ ಪಕ್ಕದ್ದನ್ನೇ ಆರಿಸಬೇಡಿ. ಗುಡ್ಡ, ಬಯಲು, ನದಿ ದಂಡೆ, ಒಣನೆಲ ಹೀಗೆ ಎಲ್ಲ ಬಗೆಯಿಂದಲೂ ಸ್ವಲ್ಪ ಇರಲಿ. 'ತಾಣಗಳೆಲ್ಲ ನದಿ ದಂಡೆಯಲ್ಲೇ ಇವೆ' ಅನ್ನುವ ಮಾತಿನ ಹಿಂದೆ ನದಿ ದಂಡೆಯಲ್ಲಿ ಮಾತ್ರ ಹುಡುಕಿದ ತಂಡ ಇರುವುದು ಜಾಸ್ತಿ.

ನಮೂನೆ

ಚಿಕ್ಕದಾಗಿರಲಿ. ಯುರೋಪ್ ಮಂಡಳಿ ಮತ್ತು ಮ್ಯೂಸಿಯಂಗಳ ಅಂತಾರಾಷ್ಟ್ರೀಯ ಸಂಸ್ಥೆ 1990ರ ದಶಕದಲ್ಲಿ ಪುರಾತತ್ವ ತಾಣಗಳಿಗೆ ಕನಿಷ್ಠ ಮಾಹಿತಿಯ ಮಾನದಂಡ ಒಂದನ್ನು ರೂಪಿಸಿದವು. ಹೆಸರು ಮತ್ತು ಸಂಖ್ಯೆ, ಜಾಗ, ಬಗೆ, ಕಾಲ, ಸ್ಥಿತಿ, ಕಾನೂನಿನ ರಕ್ಷಣೆ ಇಂಥವು ಅದರಲ್ಲಿವೆ. ಶುರು ಮಾಡಲು ಅಷ್ಟು ಸಾಕು. ಬಗೆ ಮತ್ತು ಕಾಲಕ್ಕೆ ಸಿದ್ಧ ಪದಪಟ್ಟಿ ಕೊಡಿ. ಇಲ್ಲದಿದ್ದರೆ ಒಬ್ಬರು 'ಗೋರಿ', ಇನ್ನೊಬ್ಬರು 'ಸಮಾಧಿ', ಮೂರನೆಯವರು 'ಕಲ್ಮನೆ' ಅಂತ ಬರೆಯುತ್ತಾರೆ. ಆಮೇಲೆ ಹುಡುಕಿದರೆ ಮೂರರಲ್ಲಿ ಒಂದು ಸಿಗುತ್ತದೆ.

ಖಾಲಿ ಕಾಲಮ್ ಬಿಡಲೇಬಾರದು. 'ಇಲ್ಲ', 'ಗೊತ್ತಿಲ್ಲ', 'ನೋಡಿಲ್ಲ' ಈ ಮೂರೂ ಬೇರೆ ಬೇರೆ. ಸ್ಥಿತಿ ಮತ್ತು ಅಪಾಯವನ್ನೂ ಬೇರೆಬೇರೆ ಕೇಳಿ. ಗಟ್ಟಿಯಾಗಿ ನಿಂತ ಕಟ್ಟಡದ ಪಕ್ಕದಲ್ಲೇ ನಾಳೆ ಸ್ಫೋಟ ನಡೆಯಬಹುದು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಅಪಾಯದಲ್ಲಿರುವ ತಾಣಗಳನ್ನು 2015ರಿಂದ ದಾಖಲಿಸುತ್ತಿರುವ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಈಮೆನಾ ಯೋಜನೆ, ಬರೆದ ಮಾತು ಎಷ್ಟು ಖಚಿತ ಅನ್ನುವುದನ್ನೂ ಗುರುತು ಹಾಕಿಕೊಳ್ಳುತ್ತದೆ. ಇದನ್ನು ಧಾರಾಳವಾಗಿ ಅನುಸರಿಸಿ.

ಜಾಗದ ವಿಷಯಕ್ಕೆ ಬರೋಣ. ಮೊಬೈಲ್ ಜಿಪಿಎಸ್ ಬಯಲಲ್ಲಿ ಸುಮಾರು 5 ಮೀಟರ್ ಹತ್ತಿರಕ್ಕೆ ಬರುತ್ತದೆ, ಮರ ಮತ್ತು ಗೋಡೆಗಳ ನಡುವೆ ಅದಕ್ಕಿಂತ ಕೆಡುತ್ತದೆ. ಅಕ್ಷಾಂಶ, ರೇಖಾಂಶ ದಶಮಾಂಶದಲ್ಲಿ ಬರೆಯುವಾಗ ಬಿಂದುವಿನ ನಂತರ ಐದು ಅಂಕಿ ಇರಲಿ. ಐದನೇ ಅಂಕಿ ಅಂದರೆ ಸುಮಾರು 1 ಮೀಟರ್. ಎರಡೇ ಅಂಕಿ ಬರೆದರೆ ತಾಣ ಒಂದು ಕಿಲೋಮೀಟರ್ ಆಚೀಚೆ ಓಡಾಡುತ್ತದೆ. ಹಳೆಯ ನಕ್ಷೆಯಿಂದ ತೆಗೆದ ಅಂಕಿಗಳಾದರೆ ಯಾವ ಡೇಟಮ್ (ಅಕ್ಷಾಂಶ, ರೇಖಾಂಶ ಅಳೆಯಲು ಆಧಾರವಾಗಿಟ್ಟುಕೊಂಡ ಲೆಕ್ಕ) ಅಂತ ಬರೆಯಿರಿ. ಡೇಟಮ್ ಬೇರೆಯಾದರೆ ಅದೇ ಅಂಕಿಗೆ ತಾಣ ನೂರು ಮೀಟರಿಗಿಂತ ಜಾಸ್ತಿ ಸರಿಯಬಹುದು. ಅದಕ್ಕಿಂತ ಮುಖ್ಯವಾಗಿ, ತಾಣದ ಅಂಚಿನಲ್ಲಿ ಸುತ್ತ ನಡೆದು ಗಡಿ ಎಳೆಯಿರಿ. ಅಂಚು ಗೊತ್ತಾಗದ ಕಡೆ ಗೆರೆಯನ್ನು ಅಂದಾಜಿನದು ಅಂತ ಗುರುತಿಸಿ.

ಫೋಟೋ ಬಗ್ಗೆ ಒಂದೇ ಮಾತು. ಫೈಲಿನ ಹೆಸರಲ್ಲಿ ತಾಣದ ಸಂಖ್ಯೆ, ತಾರೀಕು ಇರಲಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಒಂದನ್ನಾದರೂ ತೆಗೆಯಿರಿ.

ಯಾರಿಗೆ ತೋರಿಸಬೇಕು, ಯಾರಿಗೆ ಬೇಡ

ನಿಧಿಗಳ್ಳರೂ ಪಟ್ಟಿ ಓದುತ್ತಾರೆ. ಅಮೆರಿಕದ 1979ರ ಪುರಾತತ್ವ ಸಂಪನ್ಮೂಲ ಕಾಯ್ದೆ ಸರ್ಕಾರಿ ನೆಲದ ತಾಣಗಳ ಜಾಗವನ್ನು ಸುಮ್ನೆ ಎಲ್ಲರಿಗೂ ಹೇಳದಂತೆ ತಡೆಯುತ್ತದೆ. ಬೀದಿಯಲ್ಲಿ ನಿಂತಿರುವ ಕಟ್ಟಡವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಾವಲಿಲ್ಲದ ಗೋರಿಗಳ ಕಥೆ ಬೇರೆ. ಅದಕ್ಕೆ ಎರಡು ಮಟ್ಟ ಇಡಿ. ಸಾರ್ವಜನಿಕರಿಗೆ ದೊಡ್ಡ ಚೌಕದೊಳಗೆ ಎಲ್ಲೋ ಇದೆ ಅನ್ನುವಷ್ಟು ಮಾತ್ರ, ಅನುಮತಿ ಕೊಡುವ ಅಧಿಕಾರಿಗಳಿಗೆ ನಿಜವಾದ ಗಡಿ. ಕೆಲವು ಪವಿತ್ರ ಸ್ಥಳಗಳ ವಿಷಯದಲ್ಲಿ ಏನನ್ನು ಬರೆಯಬೇಕು ಅನ್ನುವುದನ್ನೇ ಅಲ್ಲಿನ ಜನ ತೀರ್ಮಾನಿಸಲಿ. ಅವರು ಬೇಡ ಅಂದರೆ ಬೇಡ.

ಆಪ್, ಹಣ, ಮತ್ತು ಆಮೇಲೆ

ಈಗ ಆಪ್. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಉಚಿತ, ಸಣ್ಣ ಪಟ್ಟಿಗೆ ಸಾಕು. ದೊಡ್ಡದಕ್ಕೆ ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸೇರಿ ಇಂಥ ಪಟ್ಟಿಗಳಿಗೆಂದೇ ಮಾಡಿದ ತಂತ್ರಾಂಶ ಆರ್ಚಸ್ ಇದೆ. ಅದೂ ಉಚಿತ, ಆದರೆ ನೋಡಿಕೊಳ್ಳಲು ಕಂಪ್ಯೂಟರ್ ತಿಳಿದವರು ಬೇಕು. ಯಾವುದನ್ನೇ ಆರಿಸಿ, ಮಾಹಿತಿಯನ್ನು ಸಾದಾ ಫೈಲಾಗಿ ಹೊರತೆಗೆಯಲು ಬರುತ್ತದಾ ಅಂತ ಮೊದಲ ದಿನವೇ ಪರೀಕ್ಷಿಸಿ. ಬರದಿದ್ದರೆ ಅದನ್ನು ಕೈಬಿಡಿ.

ಪೂರ್ತಿ ಕೆಲಸಕ್ಕೆ ಇಳಿಯುವ ಮೊದಲು ಒಂದು ಸಣ್ಣ ತುಂಡಿನಲ್ಲಿ ಪ್ರಯೋಗ ಮಾಡಿ. ಒಂದೇ ತಾಣಕ್ಕೆ ಎರಡು ತಂಡಗಳನ್ನು ಬೇರೆಬೇರೆಯಾಗಿ ಕಳಿಸಿ. ಎರಡೂ ನಮೂನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಉತ್ತರ ಎಲ್ಲಿ ಬೇರೆಯಾಯಿತೋ ಅಲ್ಲಿ ಪ್ರಶ್ನೆಯನ್ನು ತಿದ್ದಿ, ತಂಡವನ್ನಲ್ಲ.

ಹಣದ ಲೆಕ್ಕ ಹಾಕುವಾಗ ಎಲ್ಲವನ್ನೂ ಓಡಾಟಕ್ಕೇ ಸುರಿಯಬೇಡಿ. ತುಂಬಿದ ನಮೂನೆಗಳನ್ನು ಪರಿಶೀಲಿಸಲು, ಗಡಿ ತಿದ್ದಲು, ಫೋಟೋ ಜೋಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಯೋಜನೆಗಳು ನಿಂತುಹೋಗುವುದು ಬಹುಪಾಲು ಇಲ್ಲೇ. ಪುರಾತತ್ವ ಪರಂಪರೆಯ ಬಗ್ಗೆ ಸ್ಮಾರಕ ಮತ್ತು ತಾಣಗಳ ಅಂತಾರಾಷ್ಟ್ರೀಯ ಸಂಸ್ಥೆ ಐಕೋಮಾಸ್ 1990ರಲ್ಲಿ ಒಪ್ಪಿದ ಸನ್ನದು ಪಟ್ಟಿ ಮಾಡುವುದನ್ನು ನಿರಂತರ ಕೆಲಸವೆಂದೇ ಕರೆದಿದೆ. ಹೇಳುವುದು ಸುಲಭ, ಮಾಡಿಸುವುದು ಹೇಗೆ? ಐದು ವರ್ಷಕ್ಕೊಮ್ಮೆ ಮರುಸಮೀಕ್ಷೆ ಅಂತ ಕಾಗದದಲ್ಲಿ ಬರೆದರೆ ನಡೆಯುವುದಿಲ್ಲ. ಬದಲಾವಣೆಯನ್ನು ಹೇಗೂ ನಡೆಯುವ ಕೆಲಸಕ್ಕೆ ಕಟ್ಟಿಹಾಕಿ. ಒಂದು ತಾಣದ ಗಡಿಯೊಳಗೆ ಅರ್ಜಿ ಬಂದಾಗಲೆಲ್ಲ ಸ್ಥಳಕ್ಕೆ ಹೋದ ಅಧಿಕಾರಿ ಸ್ಥಿತಿಯ ಕಾಲಮ್, ತಾರೀಕು, ಒಂದು ಫೋಟೋ ಹಾಕದೆ ಕಡತ ಮುಂದೆ ಹೋಗಬಾರದು ಅಂತ ನಿಯಮ ಮಾಡಿಸಿ. ಮೂರು ವರ್ಷದಲ್ಲಿ ಒಂದೂ ಅರ್ಜಿ ಬರದ ತಾಣಗಳನ್ನು ಕಂಪ್ಯೂಟರ್ ತಾನೇ ತೆಗೆದು ತೋರಿಸಲಿ. ಆ ವರ್ಷದ ಓಡಾಟದ ಹಣವನ್ನು ಅವುಗಳಿಗೇ ಮೀಸಲಿಡಿ.