ತುರ್ಕಿಗೆ ಐರೋಪ್ಯ ಒಕ್ಕೂಟದಲ್ಲಿ ಸ್ಥಾನವಿದೆಯೇ: ಚರ್ಚಾಸ್ಪರ್ಧೆಗೆ ಸಿದ್ಧರಾಗುವ ಬಗೆ

‘ಮುಸ್ಲಿಂ ಬಹುಸಂಖ್ಯಾತ ದೇಶವೊಂದು ಜಾತ್ಯತೀತ ಒಕ್ಕೂಟಕ್ಕೆ ಸೇರುವುದು ಸರಿಯೇ’ ಎಂಬ ವಿಷಯವನ್ನು ಕಲಬುರಗಿಯ ಯಾವುದೇ ಕಾಲೇಜಿನ ಚರ್ಚಾಸ್ಪರ್ಧೆಗೆ ಕೊಟ್ಟರೂ, ಎರಡನೆಯ ಭಾಷಣಕಾರರ ಸರದಿ ಬರುವ ಹೊತ್ತಿಗೆ ಮಾತು ತುರ್ಕಿಯನ್ನು ಬಿಟ್ಟು ಧರ್ಮದ ಮೇಲೆ ಹೊರಳುವ ಅಪಾಯವಿದೆ. ಎರಡೂ ಸಮುದಾಯಗಳ ಮಕ್ಕಳು ಅಕ್ಕಪಕ್ಕ ಕುಳಿತು ಕೇಳುವ ಸಭೆ ಅದು. ಅಲ್ಲಿ ಒಂದು ದೇಶದ ನಡವಳಿಕೆಯನ್ನು ಒರೆಗೆ ಹಚ್ಚಬೇಕೇ ಹೊರತು ಜನರ ನಂಬಿಕೆಯನ್ನಲ್ಲ. ಪರವಾಗಿ ಮಾತನಾಡುವವರಿಗೂ ವಿರೋಧವಾಗಿ ಮಾತನಾಡುವವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಮೊದಲು ಒಕ್ಕೂಟದ ನಿಯಮವನ್ನೇ ಓದಿಕೊಳ್ಳಿ. ಐರೋಪ್ಯ ಒಕ್ಕೂಟದ ಒಪ್ಪಂದದ 49ನೇ ವಿಧಿಯ ಪ್ರಕಾರ, 2ನೇ ವಿಧಿಯಲ್ಲಿ ಹೇಳಿರುವ ಮೌಲ್ಯಗಳನ್ನು, ಅಂದರೆ ಮಾನವ ಘನತೆ, ಸ್ವಾತಂತ್ರ್ಯ, ಪ್ರಜಾಪ್ರಭುತ್ವ, ಸಮಾನತೆ, ಕಾನೂನಿನ ಆಳ್ವಿಕೆ ಮತ್ತು ಅಲ್ಪಸಂಖ್ಯಾತರದೂ ಸೇರಿದಂತೆ ಮಾನವ ಹಕ್ಕುಗಳನ್ನು ಗೌರವಿಸುವ ಯಾವುದೇ ಐರೋಪ್ಯ ದೇಶ ಸದಸ್ಯತ್ವ ಕೋರಬಹುದು. ಧರ್ಮದ ಷರತ್ತು ಅಲ್ಲಿ ಇಲ್ಲ, ಸೇರಬಯಸುವ ದೇಶಗಳ ಅರ್ಹತೆಯನ್ನು ಅಳೆಯುವ 1993ರ ಕೋಪನ್‌ಹೇಗನ್ ಮಾನದಂಡಗಳಲ್ಲಿಯೂ ಇಲ್ಲ. 1987ರಲ್ಲಿ ಮೊರಾಕ್ಕೊ ಅರ್ಜಿ ಹಾಕಿದಾಗ, ಅದು ಯುರೋಪಿನ ದೇಶವಲ್ಲ ಎಂಬ ಕಾರಣಕ್ಕೆ ಬಾಗಿಲು ಮುಚ್ಚಲಾಯಿತು. ಅದೇ ವರ್ಷ ಬಂದ ತುರ್ಕಿಯ ಅರ್ಜಿಗೆ ಆ ಉತ್ತರ ಸಿಗಲಿಲ್ಲ. ಬದಲಿಗೆ 1999ರಲ್ಲಿ ಹೆಲ್ಸಿಂಕಿಯಲ್ಲಿ ತುರ್ಕಿಯನ್ನು ಅಭ್ಯರ್ಥಿ ರಾಷ್ಟ್ರವೆಂದು ಒಪ್ಪಿಕೊಳ್ಳಲಾಯಿತು. ಆದ್ದರಿಂದ ‘ತುರ್ಕಿ ಯುರೋಪೇ ಅಲ್ಲ’ ಎನ್ನುವವರು 1999ರ ಆ ತೀರ್ಮಾನಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ನಂತರ ‘ಜಾತ್ಯತೀತ’ ಎಂಬುದನ್ನು ಎರಡೂ ಕಡೆ ಪರೀಕ್ಷಿಸಿ. ಈ ವಿಷಯದ ತಿರುಳು ಇರುವುದು ಇಲ್ಲಿಯೇ, ಸಿದ್ಧತೆಯ ಹೆಚ್ಚಿನ ಸಮಯವನ್ನು ಇದಕ್ಕೇ ಕೊಡಿ. ಮಾಲ್ಟಾದ ಸಂವಿಧಾನದಲ್ಲಿ ರೋಮನ್ ಕ್ಯಾಥೊಲಿಕ್ ಧರ್ಮಕ್ಕೆ, ಗ್ರೀಸಿನ ಸಂವಿಧಾನದಲ್ಲಿ ಆರ್ಥೊಡಾಕ್ಸ್ ಧರ್ಮಕ್ಕೆ, ಡೆನ್ಮಾರ್ಕಿನಲ್ಲಿ ಲೂಥರನ್ ಚರ್ಚಿಗೆ ವಿಶೇಷ ಸ್ಥಾನವಿದೆ, ಆದರೂ ಮೂರೂ ಒಕ್ಕೂಟದ ಸದಸ್ಯ ದೇಶಗಳು. ತುರ್ಕಿಯಾದರೋ 1924ರಲ್ಲಿ ಖಿಲಾಫತ್ ರದ್ದುಮಾಡಿ, 1928ರಲ್ಲಿ ರಾಜ್ಯಧರ್ಮದ ಉಲ್ಲೇಖವನ್ನು ಸಂವಿಧಾನದಿಂದ ತೆಗೆದು, 1937ರಲ್ಲಿ ಜಾತ್ಯತೀತ ತತ್ತ್ವವನ್ನು ಅದರೊಳಗೆ ಸೇರಿಸಿತು. ಪರವಾದಿಗಳಿಗೆ ಇದಕ್ಕಿಂತ ಬಲವಾದ ಆಧಾರ ಸಿಗುವುದು ಕಷ್ಟ. ಆದರೆ ಕಾಗದದ ಮೇಲಿನ ತತ್ತ್ವ ನಿತ್ಯದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ವಿರೋಧವಾದಿಗಳು ಹತ್ತಿರದಿಂದ ತೋರಿಸಬೇಕು. ತುರ್ಕಿಯ ಮಸೀದಿಗಳ ಇಮಾಮರು ಧಾರ್ಮಿಕ ವ್ಯವಹಾರಗಳ ನಿರ್ದೇಶನಾಲಯದಿಂದ ಸಂಬಳ ಪಡೆಯುವ ಸರ್ಕಾರಿ ನೌಕರರು. ಅಲ್ಪಸಂಖ್ಯಾತ ಪಂಥದವರಾದ ಅಲೆವಿಗಳು ಸೇರಿ ಪ್ರಾರ್ಥಿಸುವ ಜೆಮ್ ಮನೆಗಳಿಗೆ ಮಸೀದಿಗೆ ಸಮನಾದ ಕಾನೂನು ಮಾನ್ಯತೆ ದೊರೆತಿಲ್ಲ. ಇಸ್ತಾಂಬುಲ್ ಬಳಿಯ ಹಾಲ್ಕಿ ದ್ವೀಪದಲ್ಲಿರುವ, ಆರ್ಥೊಡಾಕ್ಸ್ ಕ್ರೈಸ್ತ ಪಾದ್ರಿಗಳನ್ನು ತರಬೇತುಗೊಳಿಸುತ್ತಿದ್ದ ಪಾಠಶಾಲೆಯ ತರಗತಿಗಳು 1971ರಲ್ಲಿ ನಿಂತುಹೋದವು. 2020ರಲ್ಲಿ ಇಸ್ತಾಂಬುಲಿನ, ಮೂಲತಃ ಚರ್ಚಾಗಿದ್ದ ಹಾಗಿಯಾ ಸೋಫಿಯಾ ವಸ್ತುಸಂಗ್ರಹಾಲಯ ಮತ್ತೆ ಮಸೀದಿಯಾಯಿತು. ಇಲ್ಲಿ ಪ್ರಶ್ನೆಗೊಳಗಾಗುವುದು ಇಸ್ಲಾಂ ಅಲ್ಲ, ಒಂದು ಪಂಥವನ್ನು ಪೋಷಿಸುತ್ತ ಉಳಿದವುಗಳನ್ನು ಹೊರಗಿಡುವ ಸರ್ಕಾರ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿದ ಭಾಷಣವೇ ನನ್ನ ದೃಷ್ಟಿಯಲ್ಲಿ ಗೆಲ್ಲಬೇಕಾದ ಭಾಷಣ.

ನಿಮ್ಮ ಪ್ರತಿಯೊಂದು ವಾದವನ್ನೂ ದೇಶದ ಹೆಸರು ಬದಲಿಸಿ ಮತ್ತೊಮ್ಮೆ ಓದಿ. ‘ನ್ಯಾಯಾಂಗದ ಸ್ವಾತಂತ್ರ್ಯ ಕುಸಿದಿದೆ’ ಎಂಬಲ್ಲಿ ತುರ್ಕಿಯ ಜಾಗದಲ್ಲಿ ಹಂಗೇರಿ ಎಂದು ಬರೆದರೂ ವಾದ ನಿಲ್ಲುತ್ತದೆ, ಏಕೆಂದರೆ 2018ರಲ್ಲಿ ಐರೋಪ್ಯ ಸಂಸತ್ತು ಇಂಥದೇ ಆತಂಕದಿಂದ ತನ್ನದೇ ಸದಸ್ಯ ದೇಶದ ವಿರುದ್ಧ ಮತದ ಹಕ್ಕನ್ನೂ ಅಮಾನತಿನಲ್ಲಿಡಬಹುದಾದ 7ನೇ ವಿಧಿಯ ಪ್ರಕ್ರಿಯೆಗೆ ಚಾಲನೆ ಕೊಟ್ಟಿತ್ತು. ‘ಜನಸಂಖ್ಯೆ ತೀರಾ ದೊಡ್ಡದು’ ಎಂಬುದೂ ಗಂಭೀರ ವಾದವೇ. ಸುಮಾರು 8.5 ಕೋಟಿ ಜನರಿರುವ ತುರ್ಕಿ ಜರ್ಮನಿಯನ್ನೂ ಮೀರಿಸುತ್ತದೆ, ಮತ್ತು ಸದಸ್ಯ ದೇಶಗಳ ಸಚಿವರು ಸೇರುವ ಒಕ್ಕೂಟದ ಮಂಡಳಿಯ ಅನೇಕ ತೀರ್ಮಾನಗಳಿಗೆ ಶೇ 55ರಷ್ಟು ದೇಶಗಳ ಜೊತೆಗೆ ಶೇ 65ರಷ್ಟು ಜನಸಂಖ್ಯೆಯ ಬೆಂಬಲವೂ ಬೇಕು. ಆದರೆ ಆ ವಾದವನ್ನೇ ಮೂವತ್ತು ಲಕ್ಷಕ್ಕೂ ಕಡಿಮೆ ಜನರಿರುವ, ಮುಸ್ಲಿಮರೇ ಅತಿದೊಡ್ಡ ಸಮುದಾಯವಾಗಿರುವ ಅಲ್ಬೇನಿಯಾಕ್ಕೆ ಹಚ್ಚಿ ನೋಡಿ. ಅಲ್ಲಿಯೂ ‘ಬೇಡ’ ಎನ್ನುವವರ ಆಕ್ಷೇಪ ಜನಸಂಖ್ಯೆಗೆ ಸಂಬಂಧಿಸಿದ್ದಲ್ಲ. ಅಲ್ಬೇನಿಯಾದೊಂದಿಗೆ ಒಕ್ಕೂಟ 2022ರಲ್ಲಿ ಮಾತುಕತೆ ಆರಂಭಿಸಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಇಸವಿಗಳಲ್ಲಿ ಕೆಲವನ್ನಷ್ಟೇ ಬಾಯಿಪಾಠ ಮಾಡಿದರೆ ಸಾಕು: ತುರ್ಕಿಯನ್ನು ಆಗಿನ ಐರೋಪ್ಯ ಆರ್ಥಿಕ ಸಮುದಾಯದ ಜೊತೆ ಬೆಸೆದ 1963ರ ಅಂಕಾರಾ ಒಪ್ಪಂದ, 2005ರಲ್ಲಿ ಆರಂಭವಾದ ಸದಸ್ಯತ್ವದ ಮಾತುಕತೆ, 2016ರ ವಿಫಲ ಸೇನಾಕ್ರಾಂತಿ, 2018ರಲ್ಲಿ ಮಾತುಕತೆ ಸ್ಥಗಿತಗೊಂಡಿದೆಯೆಂಬ ಘೋಷಣೆ. ಮಾತುಕತೆಯನ್ನು ವಿಷಯವಾರು ವಿಂಗಡಿಸಿದ 35 ಅಧ್ಯಾಯಗಳ ಪೈಕಿ ಮಾತುಕತೆಗೆ ತೆರೆದದ್ದು 16, ತಾತ್ಕಾಲಿಕವಾಗಿ ಮುಗಿದದ್ದು ವಿಜ್ಞಾನ ಮತ್ತು ಸಂಶೋಧನೆಯದೊಂದೇ. ಒಕ್ಕೂಟದ ಸದಸ್ಯ ದೇಶವಾದ ಸೈಪ್ರಸ್ಸಿನ ಹಡಗುಗಳಿಗೆ ತುರ್ಕಿ ತನ್ನ ಬಂದರುಗಳನ್ನು ತೆರೆಯದ ಕಾರಣ 2006ರಲ್ಲಿ ಎಂಟು ಅಧ್ಯಾಯಗಳನ್ನು ತಡೆಹಿಡಿಯಲಾಯಿತು. ಹೊಸ ಸದಸ್ಯರ ಸೇರ್ಪಡೆಗೆ ಎಲ್ಲ ದೇಶಗಳ ಒಪ್ಪಿಗೆ ಬೇಕಾದ್ದರಿಂದ ಸೈಪ್ರಸ್ ಒಂದೇ ಇದನ್ನು ತಡೆಯಬಲ್ಲದು.

ನಮ್ಮ ಭಾಗದ ನಂಟನ್ನು ಹೇಳಬೇಕೆನಿಸಿದರೆ ಸತ್ಯವಾದದ್ದೊಂದಿದೆ. ಕೊನೆಯ ಖಲೀಫ ಎರಡನೇ ಅಬ್ದುಲ್ ಮಜೀದರ ಮಗಳು ದುರ್ರುಶೆಹವಾರ್ 1931ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಹೈದರಾಬಾದ್ ನಿಜಾಮರ ಮಗನನ್ನು ಮದುವೆಯಾದರು. ಆಗ ಕಲಬುರಗಿ, ಬೀದರ್ ಎರಡೂ ನಿಜಾಮರ ಆಳ್ವಿಕೆಯಲ್ಲಿದ್ದವು. ಪೀಠಿಕೆಯಲ್ಲಿ ಎರಡು ವಾಕ್ಯಗಳಿಗೆ ಇದು ಸಾಕು, ವಾದಕ್ಕೆ ಆಧಾರವಾಗಿ ಬಳಸಬೇಡಿ. 1948ರ ನಮ್ಮ ವಿಲೀನವನ್ನು ತುರ್ಕಿಯ ಸದಸ್ಯತ್ವಕ್ಕೆ ಹೋಲಿಸುವುದಂತೂ ಬೇಡವೇ ಬೇಡ, ಎರಡರ ಕಾನೂನೂ ಕಾರಣಗಳೂ ಬೇರೆ.

ಕೊನೆಯ ನಿಮಿಷವನ್ನು ಖಂಡನೆಗೆ ಮೀಸಲಿಡಿ. ಎದುರಾಳಿಯ ವಾದವನ್ನು ಅವರೇ ಒಪ್ಪುವಂತೆ ಒಂದು ವಾಕ್ಯದಲ್ಲಿ ಹೇಳಿ, ಹೆಸರು ಬದಲಿಸಿದಾಗ ಅದು ಎಲ್ಲಿ ಬಿದ್ದುಹೋಗುತ್ತದೆ ಎಂಬುದನ್ನು ತೋರಿಸಿ, ತುರ್ಕಿ ಯಾವ ಅಧ್ಯಾಯದಲ್ಲಿ ಏನು ಮಾಡಿದರೆ ನಿಮ್ಮ ನಿಲುವು ಬದಲಾಗುತ್ತದೆ ಎಂಬುದನ್ನು ತೀರ್ಪುಗಾರರಿಗೆ ತಿಳಿಸಿ ಕುಳಿತುಕೊಳ್ಳಿ.