ಮದುವೆ ಮನೆಗೆ ಯೂಸ್ ಅಂಡ್ ಥ್ರೋ ಕ್ಯಾಮೆರಾ

ಎಲ್ಲರಿಗೂ ಮೊದಲು ಹೇಳಿಕೊಟ್ಟಿದ್ದು ಒಂದೇ ಮಾತು: ಮನೆಯೊಳಗೆ ಫ್ಲ್ಯಾಶ್ ಇಲ್ಲದೆ ಕ್ಲಿಕ್ ಮಾಡಬೇಡಿ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಫೋಟೋಗ್ರಾಫರ್ ಇದ್ದರು, ಮೊಬೈಲ್ ಅಂತೂ ಎಲ್ಲರ ಕೈಯಲ್ಲೂ ಇತ್ತು. ಆದರೂ ಕೊಡಾಕ್ ಫನ್‌ಸೇವರ್ ಅನ್ನುವ, ರೀಲು ತುಂಬಿಯೇ ಬರುವ ಕೆಲವು ಯೂಸ್ ಅಂಡ್ ಥ್ರೋ ಕ್ಯಾಮೆರಾ ತರಿಸಿ ಅತ್ತೆಗೆ, ಮಕ್ಕಳಿಗೆ, ಅಡುಗೆ ಭಟ್ಟರಿಗೆ ಹಂಚಿದೆ. "ಈ ಕಾಲದಲ್ಲಿ ರೀಲಿನ ಕ್ಯಾಮೆರಾ ಯಾಕೋ ಮಾರಾಯಾ?" ಅಂತ ಮಾವ ನಕ್ಕರು.

ಈ ಡಬ್ಬಿಯಲ್ಲಿ ಹೊಂದಿಸುವಂಥದ್ದು ಏನೂ ಇಲ್ಲ. ಪ್ಲಾಸ್ಟಿಕ್ ಲೆನ್ಸು. ಬೆಳಕು ಒಳಬಿಡುವ ಅಪರ್ಚರ್, ಶಟರ್, ಫೋಕಸ್ ಎಲ್ಲ ಫಿಕ್ಸ್. ಒಳಗಿರುವುದು 800 ಐಎಸ್‌ಒ, ಅಂದರೆ ಬೆಳಕನ್ನು ಬೇಗ ಹಿಡಿಯುವ ರೀಲು. ಅಂಗಳದ ಬಿಸಿಲಲ್ಲಿ ಬೆಳಕು ಜಾಸ್ತಿಯೇ ಆಗುತ್ತದೆ, ನೆಗೆಟಿವ್ ಅದನ್ನು ತಡೆದುಕೊಳ್ಳುತ್ತದೆ. ಕತ್ತಲೆಯನ್ನು ತಡೆದುಕೊಳ್ಳುವುದಿಲ್ಲ. ಹೆಂಚಿನ ಮನೆಯ ಒಳಗೆ ಹಗಲಲ್ಲೂ ಫೋಟೋ ಮಸಿಮಸಿ. ಹಾಗಾಗಿ ಕ್ಯಾಮೆರಾದ ಮುಂಭಾಗದ ಫ್ಲ್ಯಾಶ್ ಬಟನ್ ಒತ್ತಿ ಹಿಡಿದು, ಸಣ್ಣ ದೀಪ ಹೊತ್ತಿದ ಮೇಲೆ, 4ರಿಂದ 11 ಅಡಿ ದೂರದಿಂದ ತೆಗೆಯಬೇಕು. ಆಮೇಲೆ ಹೆಬ್ಬೆರಳಲ್ಲಿ ಚಕ್ರವನ್ನು ಕರಕರ ತಿರುಗಿಸುವುದು, ಅದಾಗಿಯೇ ನಿಲ್ಲುವ ತನಕ. ಮಕ್ಕಳಿಗೆ ಫೋಟೋಗಿಂತ ಈ ಚಕ್ರವೇ ಇಷ್ಟ.

ಅವರ ಕೈಗೆ ಕೊಡಲು ಹೆದರಿಕೆಯೂ ಇರಲಿಲ್ಲ. ಫ್ಯಾಕ್ಟರಿಯಲ್ಲೇ ರೀಲನ್ನು ಹೊರಗೆ ಎಳೆದು ಸುತ್ತಿಟ್ಟಿರುತ್ತಾರೆ. ಒಂದೊಂದು ಫೋಟೋ ತೆಗೆದ ಹಾಗೆ ಅದು ತನ್ನ ಗೂಡಿಗೆ ವಾಪಸ್ ಸೇರುತ್ತದೆ. ನಡುವೆ ಮುಚ್ಚಳ ಕಿತ್ತುಬಂದರೂ ತೆಗೆದದ್ದು ಬಹುಪಾಲು ಉಳಿಯುತ್ತದೆ. ಬೇಕಂತ ಬಿಚ್ಚಬೇಡಿ ಮತ್ತೆ, ಫ್ಲ್ಯಾಶಿಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆಯುತ್ತದೆ.

1986ರಲ್ಲಿ ಜಪಾನಿನಲ್ಲಿ ಫ್ಯೂಜಿ ಇಂಥದ್ದೊಂದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಇವತ್ತಿಗೂ ಜನ ಕೊಳ್ಳುವುದು ಫಿಲ್ಮ್ ಲುಕ್ಕಿಗಾಗಿ ಅಂತಾರೆ. ಆ ಲುಕ್ಕಿನ ಅರ್ಧ ಕೆಲಸ ಮುಖಕ್ಕೆ ನೇರ ಬಡಿಯುವ ಫ್ಲ್ಯಾಶಿನದು, ಅದು ಮೊಬೈಲಲ್ಲೂ ಸಿಗುತ್ತದೆ. ನನಗೆ ಮುಖ್ಯ ಅನಿಸುವುದು, ತೆಗೆದದ್ದು ಕಾಣುವುದಿಲ್ಲ ಅನ್ನೋದು. "ಎಲ್ಲಿ ತೋರ್ಸು, ನನ್ನ ಕಣ್ಣು ಮುಚ್ಚಿದೆ, ಇನ್ನೊಂದು ತೆಗಿ" ಅನ್ನುವ ಗಲಾಟೆಯೇ ಇಲ್ಲ. ಇರುವುದೇ 27 ಫೋಟೋ, ಅತ್ತೆ ಅಳೆದು ಸುರಿದು ತೆಗೆದರು. ಭಟ್ಟರ ರೀಲಿನಲ್ಲಿ ಹೋಳಿಗೆ ಕಾವಲಿಯ ಹೊಗೆ ಫ್ಲ್ಯಾಶಿಗೆ ಬೆಳ್ಳಗಾಗಿ, ಅದರ ಹಿಂದೆ ಬಡಿಸುವ ಹುಡುಗರು ಬಾಯಿಗೆ ಹೋಳಿಗೆ ತುರುಕಿಕೊಂಡು ನಿಂತಿದ್ದಾರೆ. ಫೋಟೋಗ್ರಾಫರ್ ಅತ್ತ ಸುಳಿದೇ ಇರಲಿಲ್ಲ!

ತೊಳೆಸಲು ಕ್ಯಾಮೆರಾವನ್ನು ಇಡಿಯಾಗಿ ಬೆಂಗಳೂರಿನ ಲ್ಯಾಬಿಗೆ ಕೊಟ್ಟೆ. ಮಾಮೂಲಿ ಕಲರ್ ರೀಲೇ, ಅದನ್ನು ತೊಳೆಯುವ ಸಿ-41 ಅನ್ನುವ ಕೆಮಿಕಲ್ ಸಾಕು. ಡಬ್ಬಿ ವಾಪಸ್ ಬರುವುದಿಲ್ಲ. ನೆಗೆಟಿವ್ ಬೇಕು ಅಂತ ಮಾತ್ರ ಮೊದಲೇ ಹೇಳಿಡಿ, ಕೆಲವರು ಸ್ಕ್ಯಾನ್ ಕಳಿಸಿ ಸುಮ್ಮನಾಗುತ್ತಾರೆ.