ಸಂಶೋಧನ ಲೇಖನದ ಪ್ರಕಟಣೆ: ಹಿತಾಸಕ್ತಿ ಸಂಘರ್ಷವನ್ನು ನಿಭಾಯಿಸುವ ಬಗೆ

ಹಣವೋ ವೈಯಕ್ತಿಕ ನಂಟೋ ನಿಷ್ಪಕ್ಷಪಾತ ತೀರ್ಮಾನವನ್ನು ಬಾಗಿಸಬಹುದಾದ ಸನ್ನಿವೇಶವೇ ಹಿತಾಸಕ್ತಿ ಸಂಘರ್ಷ. ಕಂಪನಿಯೊಂದರ ಹಣದಿಂದ ನಡೆದ ಅಧ್ಯಯನವೂ ಪ್ರಾಮಾಣಿಕವಾಗಿರಬಹುದು. ಆದರೆ ಆ ಹಣದ ಸಂಗತಿಯನ್ನು ಮುಚ್ಚಿಟ್ಟರೆ, ಫಲಿತಾಂಶವನ್ನು ತೂಗಿ ನೋಡುವ ಅವಕಾಶವೇ ಓದುಗರಿಗೆ ಇಲ್ಲದಂತಾಗುತ್ತದೆ. 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯು 12 ಮಕ್ಕಳನ್ನು ಕುರಿತ ಲೇಖನವೊಂದನ್ನು ಪ್ರಕಟಿಸಿ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹಬ್ಬಲು ಕಾರಣವಾಯಿತು. ಲಸಿಕೆ ತಯಾರಕರ ವಿರುದ್ಧದ ಮೊಕದ್ದಮೆಗಾಗಿ ಅದರ ಮುಖ್ಯ ಲೇಖಕರಿಗೆ ಹಣ ಸಂದಿದ್ದುದು ಬೆಳಕಿಗೆ ಬಂದದ್ದು 2004ರಲ್ಲಿ. ಪತ್ರಿಕೆ ಲೇಖನವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ಅಷ್ಟರೊಳಗೆ ಎಷ್ಟೋ ಪೋಷಕರು ಲಸಿಕೆಯಿಂದ ದೂರ ಸರಿದಿದ್ದರು.

ಆದ್ದರಿಂದ ಲೇಖಕರು ಹಸ್ತಪ್ರತಿಯನ್ನು ಕಳುಹಿಸುವ ಮೊದಲೇ ಸಹಲೇಖಕರೆಲ್ಲರಿಂದ ಇಂಥ ಸಂಬಂಧಗಳ ಬಗ್ಗೆ ಪ್ರತ್ಯೇಕ ಘೋಷಣೆ ಪಡೆಯಬೇಕು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಮೂನೆಯು ಸಾಮಾನ್ಯ ಸಂಬಂಧಗಳನ್ನು ಹಿಂದಿನ 36 ತಿಂಗಳಿಗೆ ಸೀಮಿತವಾಗಿ ಕೇಳುತ್ತದೆ. ಆದರೆ ಅದೇ ಅಧ್ಯಯನಕ್ಕೆ ದೊರೆತ ನೆರವಿಗೆ ಕಾಲಮಿತಿಯಿಲ್ಲ. ಅನುದಾನ, ಸಲಹಾ ಶುಲ್ಕ, ಷೇರು, ಪೇಟೆಂಟ್, ಉಪನ್ಯಾಸದ ಸಂಭಾವನೆ, ಪ್ರಯಾಣವೆಚ್ಚ, ನ್ಯಾಯಾಲಯದಲ್ಲಿ ತಜ್ಞಸಾಕ್ಷ್ಯ ನುಡಿದುದಕ್ಕೆ ಪಡೆದ ಹಣ, ಸಂಬಳವಿಲ್ಲದ ಪದವಿ ಇವೆಲ್ಲವೂ ಅದರೊಳಗೆ ಬರುತ್ತವೆ. ತಿಳಿಸಬೇಕೋ ಬೇಡವೋ ಎಂಬ ಅನುಮಾನ ಮೂಡಿದರೆ ತಿಳಿಸುವುದೇ ಸರಿ. ಹಣ ಕೊಟ್ಟವರ ಹೆಸರನ್ನಷ್ಟೇ ಬರೆದರೆ ಸಾಲದು. ಅಧ್ಯಯನದ ವಿನ್ಯಾಸದಲ್ಲಿ, ದತ್ತಾಂಶದ ವಿಶ್ಲೇಷಣೆಯಲ್ಲಿ, ಪ್ರಕಟಿಸುವ ನಿರ್ಧಾರದಲ್ಲಿ ಅವರ ಪಾತ್ರವೇನಿತ್ತು ಎಂಬುದನ್ನೂ ಹೇಳಬೇಕು. ನನ್ನ ದೃಷ್ಟಿಯಲ್ಲಿ ಓದುಗರಿಗೆ ಹೆಚ್ಚು ಬೇಕಾದುದು ಈ ಎರಡನೆಯ ಮಾಹಿತಿಯೇ.

ಪ್ರಕಟಣೆಗೆ ಮುನ್ನ ಲೇಖನವನ್ನು ಪರಿಶೀಲಿಸುವ ತಜ್ಞರಾದ ವಿಮರ್ಶಕರ ವಿಷಯದಲ್ಲಿ ಸಂಘರ್ಷ ಹೆಚ್ಚಾಗಿ ಹಣದ್ದಲ್ಲ. ಲೇಖಕರು ವಿಮರ್ಶಕರ ಹಳೆಯ ವಿದ್ಯಾರ್ಥಿಯೋ ಇತ್ತೀಚಿನ ಸಹಲೇಖಕರೋ ಆಗಿರಬಹುದು, ಅಥವಾ ವಿಮರ್ಶಕರು ತಾವೂ ಅದೇ ಪ್ರಶ್ನೆಯ ಬೆನ್ನುಹತ್ತಿರಬಹುದು. ಆಹ್ವಾನ ಬಂದ ಕೂಡಲೇ ಇದನ್ನು ಸಂಪಾದಕರಿಗೆ ತಿಳಿಸಿ, ನಿರ್ಧಾರವನ್ನು ಅವರಿಗೇ ಬಿಡಬೇಕು.

ಸಂಪಾದಕರಾದರೋ ಘೋಷಣೆಯಷ್ಟಕ್ಕೇ ನಿಲ್ಲುವಂತಿಲ್ಲ. ತಮ್ಮದೇ ಲೇಖನವೋ ಸಹೋದ್ಯೋಗಿಯ ಲೇಖನವೋ ಬಂದಾಗ ಅದನ್ನು ಬೇರೊಬ್ಬ ಸಂಪಾದಕರಿಗೆ ಒಪ್ಪಿಸಿ, ವಿಮರ್ಶಕರ ಹೆಸರುಗಳೂ ತಮಗೆ ಕಾಣದಂತೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಪ್ರಕಟಣೆಯ ನಂತರ ಮುಚ್ಚಿಟ್ಟ ಸಂಬಂಧವೊಂದು ಹೊರಬಿದ್ದರೆ, ಮೊದಲು ಲೇಖಕರಿಂದ ವಿವರಣೆ ಕೇಳಬೇಕು. ತೀರ್ಮಾನಗಳು ನಂಬಲರ್ಹವಾಗಿಯೇ ಉಳಿದರೆ ತಿದ್ದುಪಡಿ ಸಾಕು; ಆ ಸಂಬಂಧ ಅವುಗಳನ್ನೇ ಅನುಮಾನಕ್ಕೆ ಈಡುಮಾಡಿದರೆ ಲೇಖನವನ್ನು ಹಿಂತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕಾಗುತ್ತದೆ. ಯಾವುದೇ ಆದರೂ ಅದನ್ನು ತಿಳಿಸುವ ಸೂಚನೆಯು ಶುಲ್ಕವಿಲ್ಲದೆ ಓದಲು ಸಿಗಬೇಕು, ಮೂಲ ಲೇಖನವನ್ನು ತೆರೆದವರ ಕಣ್ಣಿಗೆ ಅಲ್ಲಿಯೇ ಬೀಳುವಂತಿರಬೇಕು.